ಹೊಗೆ ಇಲ್ಲ

ಕೂರ್ಮೊಟ್ಟೆಯ ಬೆಂಕಿ ಕಾವಲು ಗೋಪುರವನ್ನು
ಗುಜರಿಗೆ ಹಾಕಲು ವರದಿ ಬೇಕಂತೆ.
ಕುಟ್ಟದಿಂದ ಅರ್ಧ ದಾರಿ ಜೀಪು, ಆಮೇಲೆ ಕಾಲು.
ಎರಡನೇ ದರ್ಜೆ ಗುಮಾಸ್ತ ನಾನು,
ಬಗಲಲ್ಲಿ ನಮೂನೆ ಹನ್ನೊಂದು, ಅಳತೆ ಟೇಪು,
ಬಾಳೆಲೆಯಲ್ಲಿ ಸುತ್ತಿದ ನಾಲ್ಕು ಕಡಂಬುಟ್ಟು.

ಕಟ್ಟಿದ ವರ್ಷ: ಕಡತದ ಆ ಹಾಳೆ ಗೆದ್ದಲಿಗೆ.
ಮೊದಲು ಬರೀ ಮರದ ಅಟ್ಟಣೆ, ಕೈಯಲ್ಲೊಂದು ಕೊಂಬು.
ದೂರದ ಬೆಂಕಿಗೆ ಒಂದು ಊದು, ಹತ್ತಿರದ್ದಕ್ಕೆ ಎರಡು,
ಅಟ್ಟಣೆಗೇ ಹತ್ತಿದರೆ ಎಷ್ಟೆಂದು
ಯಾರೂ ಹೇಳಿಕೊಟ್ಟಿರಲಿಲ್ಲ.
ಹತ್ತಿತು, ಒಂದು ಶಿವರಾತ್ರಿಯ ಮಾರನೆ ದಿನ.
ಆಮೇಲೆ ಆನೆಯ ಬೆನ್ನೇರಿ ಬಂತು ಕಬ್ಬಿಣ,
ನಾಲ್ಕೂ ಕಾಲಿಗೆ ಯಾವುದೋ ಸೀಮೆಯ ಮುದ್ರೆ.
ಕೊಡಗು ಮೈಸೂರಿಗೆ ಸೇರಿದಾಗ ಬೋರ್ಡು ಕನ್ನಡಕ್ಕೆ ತಿರುಗಿತು.
ಸಿಡಿಲು ಹೊಡೆದದ್ದು ಎರಡು ಸಲ,
ಸಿಡಿಲಿಗೆಂದು ನೆಟ್ಟ ತಾಮ್ರದ ಸರಳನ್ನು ಯಾರೋ ಬಿಚ್ಚಿದ್ದು
ಒಂದೇ ಸಲ. ಸಾಕಾಯಿತು.

ಜೇನುಕುರುಬರ ಮಾಸ್ತನ ಅಜ್ಜನಿಗೆ ಹಾಕಿದ ದಂಡದ ರಸೀದಿಯೂ
ಅದೇ ಕಡತದಲ್ಲಿದೆ:
ಮಾಗಿಯಲ್ಲಿ ಹುಲ್ಲಿಗೆ ಕಿಚ್ಚಿಟ್ಟದ್ದಕ್ಕೆ, ರೂಪಾಯಿ ಎರಡು.
ಇಬ್ಬನಿ ಆರುವ ಮುಂಚೆ ಇಟ್ಟ ಕಿಚ್ಚು ಮೊಣಕಾಲು ದಾಟುವುದಿಲ್ಲ,
ಬೇಸಗೆಯ ದೊಡ್ಡದಕ್ಕೆ ಮೇವು ಉಳಿಸುವುದಿಲ್ಲ
ಎಂಬುದಕ್ಕೆ ರಸೀದಿಯಲ್ಲಿ ಜಾಗವಿಲ್ಲ.
ಮೊಮ್ಮಗನಿಗೆ ಅದೇ ಇಲಾಖೆ ಖಾಕಿ ತೊಡಿಸಿತು,
ದಿನಗೂಲಿ, ಜನವರಿಯಿಂದ ಮೊದಲ ಮಳೆಯವರೆಗೆ.

ಹೊಗೆ ಓದುತ್ತಿದ್ದನಂತೆ ಮಾಸ್ತ.
ಬಿಳಿ ಅಂದರೆ ಹುಲ್ಲು. ಹಳದಿ ಕಲೆತರೆ ಲಂಟಾನ.
ಬಿದಿರು ಕಣ್ಣಿಗಿಂತ ಮೊದಲು ಕಿವಿಗೆ.
ನೀಲಿಯಾಗಿ ಎದ್ದು ಮಲಗಿಕೊಂಡರೆ
ಯಾರದೋ ಅನ್ನ, ಅದನ್ನು ಬರೆಯಬಾರದು.

ಅಕ್ಷರ ಬಾರದು. ರಿಜಿಸ್ಟರಿನಲ್ಲಿ ತಾರೀಖಿಗೊಂದು ಮನೆ,
ಹೊಗೆ ಇದ್ದರೆ ಗೀಟು, ಇಲ್ಲದಿದ್ದರೆ ಸೊನ್ನೆ.
ಹದಿನಾರು ಬೇಸಗೆ. ಎರಡು ಪುಟ ಎಣಿಸಿ ಕೈಬಿಟ್ಟೆ.
ಸೊನ್ನೆ, ಸೊನ್ನೆ, ಸೊನ್ನೆ,
ಒಂದು ಗೀಟು, ಪಕ್ಕದಲ್ಲಿ ಬೆವರಿನ ಕಲೆ,
ಸೊನ್ನೆ.
ಇಷ್ಟು ಸೊನ್ನೆಗೆ ಕೂಲಿ ಏಕೆಂದು
ಲೆಕ್ಕ ತಪಾಸಣೆಯವರು ಕೆಂಪು ಶಾಯಿಯಲ್ಲಿ ಕೇಳಿದ್ದಾರೆ.

ಮಾರ್ಚಿಯ ಒಂದು ಮನೆ ಖಾಲಿ.

ಅಂದು ಫೋನಿನ ಕೆಳತುದಿಯಲ್ಲಿದ್ದವರು ಗಾರ್ಡು ಚಿಟ್ಟಿಯಪ್ಪ.
ಈಗ ಕಿವಿ ಮಂದ. ಕಾಫಿ ಆರಿದ ಮೇಲೆ ಹೇಳಿದರು:
ಹ್ಯಾಂಡಲ್ ತಿರುಗಿಸಿದ. ಹೊಗೆ ಸಾರ್ ಅಂದ.
ಎಲ್ಲಿ ಅಂದೆ. ನಮ್ಮ ಹಾಡಿ ಸಾರ್ ಅಂದ.
ಗೊತ್ತು, ಆರ್ಡರು ಬಂದಿದೆ, ಅದನ್ನು ಬರೆಯಬೇಡ ಅಂದೆ.
ಎಷ್ಟೋ ಹೊತ್ತು ತಂತಿಯಲ್ಲಿ ಗಾಳಿ ಮಾತ್ರ.

ಗೀಟು ಎಳೆಯಲಿಲ್ಲ ಅವನು. ಸೊನ್ನೆಯನ್ನೂ ಸುತ್ತಲಿಲ್ಲ.
ಮಾರನೆ ದಿನ ಕೆಲಸಕ್ಕೆ ಬಂದಿದ್ದಾನೆ.
ಸೊನ್ನೆ.

ಹತ್ತಿದೆ. ಮೆಟ್ಟಿಲು ಐವತ್ತೆಂಟು, ಇರುವುದು ನಲವತ್ತೊಂದು.
ತುದಿಯಲ್ಲಿ ದಿಕ್ಕು ನೋಡುವ ಹಿತ್ತಾಳೆ ತಟ್ಟೆ,
ಅಂಚಿಗೆ ಮುನ್ನೂರರವತ್ತು ಗೆರೆ,
ಅಂಕಿಗಳ ಮೇಲೆ ಮೊಳೆಯಲ್ಲಿ ಕೊರೆದದ್ದು:
ಆನೆಹೆಜ್ಜೆ. ಜೇನುಮರ. ಬ್ರಹ್ಮಗಿರಿಯ ಕಡೆಗೆ ಮೂರು ಗುಡ್ಡ.
ನೂರನಲವತ್ತರ ಮೇಲೆ ಒಂದು ಮಡಕೆ.
ಆ ಗುರಿಗೆ ಕಣ್ಣಿಟ್ಟೆ. ಸಾಲು ತೇಗ,
ಬಿಸಿಲಲ್ಲಿ ನಡುಗುವ ಗಾಳಿ.
ಜೇಬಿನಲ್ಲಿ ಮೊಬೈಲು ಗುಂಯ್ಗುಟ್ಟಿತು,
ಉಪಗ್ರಹಕ್ಕೆ ಎಲ್ಲೋ ಬಿಸಿ ಕಂಡಿದೆ.
ಯಾರದೋ ತೋಟದಲ್ಲಿ ತರಗು ಸುಡುತ್ತಿರಬೇಕು.

ಕಬ್ಬಿಣ, ತುಕ್ಕು ಕಳೆದು, ಎರಡೂಮುಕ್ಕಾಲು ಟನ್ನು.
ಹಿತ್ತಾಳೆ: ಇಲ್ಲ, ಎಂದು ಬರೆದೆ.
ತಟ್ಟೆ ಆಗಲೇ ನನ್ನ ಚೀಲದಲ್ಲಿತ್ತು.

ಪುನರ್ವಸತಿಯ ತಗಡಿನ ಸಾಲಿನಲ್ಲಿ
ಮಾಸ್ತನ ಮೊಮ್ಮಗಳು ಶೋಭಿ ಅದನ್ನು ವೇಲಿನಿಂದ ಒರೆಸಿದಳು.
ಈ ಮಡಕೆ ನಿಮ್ಮ ಹಾಡಿ ಅಲ್ಲವೇ ಅಂದೆ, ದೊಡ್ಡ ಜಾಣನ ಹಾಗೆ.
ಮಡಕೆಯಲ್ಲ ಅಂದಳು. ಹೊಟ್ಟೆ. ಅಜ್ಜಿಯದು.
ಆ ವರ್ಷ ಅವ್ವ ಒಳಗಿದ್ದಳು.
ದಿನಾ ಅಲ್ಲಿಂದ ನೋಡುತ್ತಿದ್ದನಂತೆ.

ತಟ್ಟೆಯನ್ನು ಗೂಡಿನಲ್ಲಿಟ್ಟು ಒಲೆಗೆ ಬಗ್ಗಿದಳು.
ಸೌದೆ ಹಸಿ. ಊದಿದಳು, ಕೆಮ್ಮಿದಳು, ಊದಿದಳು.
ತಗಡಿನ ಸಂದಿನಲ್ಲಿ ನೀಲಿ ಎದ್ದು
ಮಾಡಿನ ಮೇಲೆ ಮಲಗಿಕೊಂಡಿತು.

ರಿಜಿಸ್ಟರು ತೆರೆದು ಇವತ್ತಿನ ಮನೆಯಲ್ಲಿ
ಒಂದು ಸೊನ್ನೆ ಸುತ್ತಿದೆ.